ಭಾನುವಾರಕ್ಕಾಗಿ ಕಾಯುವ ಆರು ದಿನ: ವಾರದ ನಡುವಿನ ಬದುಕು ಎಲ್ಲಿ ಹೋಗುತ್ತದೆ?

ವಾರಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂಬ ಚರ್ಚೆ ಎರಡು ಮೂರು ವರ್ಷಗಳಿಂದ ನಿಂತೇ ಇಲ್ಲ. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್.ಆರ್. ನಾರಾಯಣಮೂರ್ತಿಯವರು ಹೇಳಿದ್ದು 2023ರ ಅಕ್ಟೋಬರ್‌ನಲ್ಲಿ. 2025ರಲ್ಲಿ ದಿನದ ದುಡಿಮೆಯ ಮಿತಿಯನ್ನು ಏರಿಸುವ ಪ್ರಸ್ತಾವ ನಮ್ಮ ರಾಜ್ಯದಲ್ಲೂ ಬಂತು, ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ಅದೇ ವರ್ಷ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. ಬ್ಯಾಂಕ್ ನೌಕರರು ಎಲ್ಲ ಶನಿವಾರವೂ ರಜೆ ಬೇಕೆಂದು ಕೇಳುತ್ತಲೇ ಇದ್ದಾರೆ.

ಇದೆಲ್ಲ ಗಂಟೆಗಳ ಮಾತು. ತುಮಕೂರಿನಿಂದ ಬೆಂಗಳೂರಿಗೆ ದಿನಾ ಹೋಗಿ ಬರುವವರು, ನರಸಾಪುರ, ವೇಮಗಲ್, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡುವವರು ಆಡಿಕೊಳ್ಳುವ ಮಾತು ಬೇರೆ. "ಯಾವಾಗಪ್ಪಾ ಭಾನುವಾರ ಬರೋದು?" ಬುಧವಾರ ಬೆಳಿಗ್ಗೆಯೇ ಈ ಪ್ರಶ್ನೆ ಹುಟ್ಟಿಬಿಟ್ಟರೆ ಬುಧ, ಗುರು, ಶುಕ್ರ ಮೂರೂ ದಾಟಬೇಕಾದ ದಿನಗಳಾಗಿ ಉಳಿಯುತ್ತವೆಯೇ ಹೊರತು ಬದುಕುವ ದಿನಗಳಾಗುವುದಿಲ್ಲ. ಹೀಗೇಕೆ ಆಗುತ್ತದೆ, ಇದು ಹಿಂದಿನಿಂದ ಹೀಗೇ ಇತ್ತೇ, ಬದಲಾಗಲು ಸಾಧ್ಯವೇ? ಬುಡದಿಂದಲೇ ನೋಡೋಣ.

ಮೊದಲು ಒಂದು ಲೆಕ್ಕ

ವಾರಕ್ಕೊಂದೇ ರಜೆ ಇರುವವರಿಗೆ ವರ್ಷದ 365 ದಿನಗಳಲ್ಲಿ 52 ಭಾನುವಾರ ಕಳೆದು 313 ದಿನ ಉಳಿಯುತ್ತವೆ. ಹಬ್ಬದ ರಜೆಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ದಿನಗಳು ಒಂಬತ್ತು ಸಾವಿರ ದಾಟುತ್ತವೆ. ಎಂಟು ಗಂಟೆ ನಿದ್ದೆ ಮಾಡುವವರು ವಾರದಲ್ಲಿ ಎಚ್ಚರವಾಗಿರುವುದು 112 ಗಂಟೆ. ಅದರಲ್ಲಿ ಭಾನುವಾರದ ಪಾಲು 16.

ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಬರುವವರಿಗೆ ಕೆಲಸದ ದಿನ ಸ್ವಂತಕ್ಕೆ ಸಿಗುವುದು ಎರಡೇ ಗಂಟೆ. ಆದರೂ ಆರು ದಿನ ಸೇರಿದರೆ ಅದು ಹನ್ನೆರಡು ಗಂಟೆ, ಹೆಚ್ಚುಕಡಿಮೆ ಇನ್ನೊಂದು ಭಾನುವಾರ! ಆ ಹನ್ನೆರಡು ಗಂಟೆ ಚೂರುಚೂರಾಗಿ ಬರುವುದರಿಂದ ನಮ್ಮ ಲೆಕ್ಕಕ್ಕೇ ಸಿಗುವುದಿಲ್ಲ.

ವಾರಕ್ಕೆ ಕೊನೆ ಬಂದದ್ದು ಯಾವಾಗ?

ದಿನ ಭೂಮಿಯ ತಿರುಗಾಟದಿಂದ, ತಿಂಗಳು ಚಂದ್ರನಿಂದ, ವರ್ಷ ಸೂರ್ಯನಿಂದ ಬಂದವು. ಏಳು ದಿನದ ವಾರಕ್ಕೆ ಆಕಾಶದಲ್ಲಿ ಅಂಥ ಆಧಾರವಿಲ್ಲ, ಅದು ಮನುಷ್ಯರು ಮಾಡಿಕೊಂಡ ಏರ್ಪಾಡು. ನಮ್ಮ ದೇಶದ ಶಾಸನಗಳಲ್ಲಿ ವಾರದ ದಿನದ ಹೆಸರು ಕಾಣುವ ಬಹಳ ಹಳೆಯ ಉದಾಹರಣೆ ಮಧ್ಯಪ್ರದೇಶದ ಏರಣ್‌ನ ಕಂಬದ ಮೇಲಿದೆ. ಗುಪ್ತರ ಕಾಲದ ಆ ಶಾಸನ ಕ್ರಿ.ಶ. 484ರದ್ದು, ಅದರಲ್ಲಿರುವ ದಿನ ಗುರುವಾರ.

ಭಾನುವಾರ ಬಿಡುವಿನ ದಿನವಾದದ್ದು ರೋಮ್‌ನಲ್ಲಿ. ಕ್ರಿ.ಶ. 321ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಹಾಗೆಂದು ಆಜ್ಞೆ ಹೊರಡಿಸಿದ. ಭಾರತದ ಕೂಲಿಕಾರರಿಗೆ ಅದು ದಕ್ಕಿದ್ದು ತೀರಾ ಈಚೆಗೆ, ಅದೂ ಹೋರಾಟದಿಂದ. ಬೊಂಬಾಯಿಯ ಗಿರಣಿ ಕಾರ್ಮಿಕರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಬಡಿದಾಡಿದ ಮೇಲೆ 1890ರಲ್ಲಿ ಅಲ್ಲಿನ ಗಿರಣಿಗಳು ಭಾನುವಾರದ ರಜೆ ಕೊಟ್ಟವು. ಮರುವರ್ಷದ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಸೇರಿತು. ಶನಿವಾರವನ್ನೂ ಸೇರಿಸಿ ಎರಡು ದಿನ ಬಿಡುವುದು ಜನಪ್ರಿಯವಾದದ್ದು ಅಮೆರಿಕದಲ್ಲಿ, 1926ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರು ಕಾರ್ಖಾನೆಗೆ ಐದು ದಿನದ ವಾರ ತಂದ ಮೇಲೆ. ನಮ್ಮ ಕೇಂದ್ರ ಸರ್ಕಾರಿ ಕಚೇರಿಗಳಿಗೆ ಅದು ಬಂದದ್ದು 1985ರಲ್ಲಿ. ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರದ ರಜೆ ಸಿಕ್ಕಿದ್ದು 2015ರ ಸೆಪ್ಟೆಂಬರ್‌ನಿಂದ.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಇಡೀ ವಾರದ ಬಿಡುವನ್ನು ಒಟ್ಟುಗೂಡಿಸಿ ಕೊನೆಗೆ ಇಡುವ ಪದ್ಧತಿ ಯಂತ್ರಗಳ ಜೊತೆ ಬಂದದ್ದು. ನಮ್ಮ ಸೀಮೆಯಲ್ಲಿ ಅದನ್ನು ಮೊದಲು ಕಂಡ ಊರುಗಳಲ್ಲಿ ಕೋಲಾರದ ಚಿನ್ನದ ಗಣಿ ಮುಖ್ಯ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. ಸುತ್ತಲ ಹಳ್ಳಿಗಳು ಇನ್ನೂ ಹೊತ್ತು ನೋಡಿ ಕೆಲಸ ಮಾಡುತ್ತಿದ್ದಾಗ ಕೆಜಿಎಫ್ ಗಡಿಯಾರ ನೋಡಿ ಪಾಳಿಯಲ್ಲಿ ಇಳಿಯುತ್ತಿತ್ತು, ಪಾಳಿಯಲ್ಲಿ ಹತ್ತುತ್ತಿತ್ತು.

ನಮ್ಮ ಸೀಮೆಯಲ್ಲಿ ಬಿಡುವು ಎಲ್ಲಿತ್ತು?

ಬೇಸಾಯದ ಮನೆಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುತ್ತಿರಲಿಲ್ಲ. ಅದು ಶಿವನ ವಾರ, ಬಸವಣ್ಣನಿಗೆ ಬಿಡುವು. ಇವತ್ತು ಎಲ್ಲರೂ ಬೈದುಕೊಳ್ಳುವ ಸೋಮವಾರವೇ ಹಳೆ ಮೈಸೂರು ಸೀಮೆಯ ಎತ್ತುಗಳಿಗೂ, ಎತ್ತಿನ ಹಿಂದೆ ನಡೆಯುವವನಿಗೂ ಉಳುಮೆಯ ರಜೆಯಾಗಿತ್ತು. ಹಾಗೆಂದು ಅವನು ಕೈಕಟ್ಟಿ ಕೂರುತ್ತಿರಲಿಲ್ಲ. ಬೇಲಿ ಕಟ್ಟುವುದು, ಹಗ್ಗ ಹೊಸೆಯುವುದು, ನೆಂಟರ ಮನೆಗೆ ಹೋಗಿ ಬರುವುದು, ಇಂಥ ಮೆತ್ತನೆ ಕೆಲಸಗಳಿಗೆ ಆ ದಿನ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳಲ್ಲಿ ಬಿಡುವು ಇನ್ನೊಂದು ಬಗೆ. ಮೊಟ್ಟೆಯಿಂದ ಹೊರಬಂದ ಹುಳು ಗೂಡು ಕಟ್ಟುವ ಹೊತ್ತಿಗೆ ನಾಲ್ಕು ವಾರ ಸಮೀಪಿಸುತ್ತದೆ. ಅಷ್ಟರಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ, ಸುಮಾರು ಒಂದು ದಿನ ಅಲ್ಲಾಡದೆ ಇರುತ್ತದೆ. ಆಗ ಮನೆಯವರಿಗೂ ಉಸಿರು ಬಿಡಲು ಪುರಸೊತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಹಗಲು ರಾತ್ರಿ ಒಂದೇ. ಇಡೀ ಬೆಳೆಯ ಸೊಪ್ಪಿನಲ್ಲಿ ಬಹುಪಾಲು ಆ ಒಂದು ವಾರದಲ್ಲೇ ಖರ್ಚಾಗುತ್ತದೆ. ಹುಳು ಹಣ್ಣಾಗಿ, ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆಗೆ ಬಿಡುವ ದಿನ ಭಾನುವಾರವೋ ಮಂಗಳವಾರವೋ ಯಾರೂ ಕೇಳುವುದಿಲ್ಲ.

ಹಸುವಿಗೂ ವಾರದ ರಜೆ ಗೊತ್ತಿಲ್ಲ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕಲೇಬೇಕು. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಬಿಡಿಸುವವರು ಹಣ್ಣಿನ ಬಣ್ಣ ನೋಡುತ್ತಾರೆಯೇ ಹೊರತು ಕ್ಯಾಲೆಂಡರ್ ನೋಡುವುದಿಲ್ಲ.

ಇದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ರಜೆಯೇ ಇಲ್ಲದೆ ದುಡಿದ ರೈತನ ಬೆನ್ನು ಏನಾಗಿದೆ ಎಂದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಗಮನಿಸಬೇಕಾದದ್ದು ಇಷ್ಟೇ: ಅಲ್ಲಿ ಬಿಡುವು ಕಡಿಮೆ ಇದ್ದರೂ ಕೆಲಸದ ನಡುನಡುವೆಯೇ ಹಂಚಿಹೋಗಿತ್ತು.

ರಜೆ ಹಿತವಾಗಿರುವುದು ಯಾತಕ್ಕೆ?

ಕೆಲಸ ಇಲ್ಲದ್ದರಿಂದ, ಎಂದು ತಟ್ಟನೆ ಉತ್ತರ ಬರುತ್ತದೆ. ಸಂಶೋಧನೆ ಹೇಳುವುದು ಪೂರ್ತಿ ಹಾಗಿಲ್ಲ.

ಅಮೆರಿಕದಲ್ಲಿ ಕ್ರಿಸ್ಟೋಬಲ್ ಯಂಗ್ ಮತ್ತು ಚೇಯೂನ್ ಲಿಮ್ ಎಂಬ ಸಮಾಜಶಾಸ್ತ್ರಜ್ಞರು ಐದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆಯ ಮಾಹಿತಿಯನ್ನು ಜಾಲಾಡಿ 2014ರಲ್ಲಿ ಒಂದು ಬರಹ ಪ್ರಕಟಿಸಿದರು. ನೌಕರಿ ಇರುವವರ ಮನಸ್ಸು ಶನಿವಾರ, ಭಾನುವಾರ ಹಗುರಾಗುತ್ತದೆ ಎಂಬುದು ನಿರೀಕ್ಷಿತವೇ. ನೌಕರಿ ಇಲ್ಲದವರಿಗೂ ಹೆಚ್ಚುಕಡಿಮೆ ಅಷ್ಟೇ ಹಗುರಾಗುತ್ತದೆ ಎಂಬುದು ಅವರಿಗೆ ಕಂಡಿತು. ಏಳು ದಿನವೂ ಬಿಡುವಾಗಿರುವವನಿಗೆ ಭಾನುವಾರದಲ್ಲೇನು ವಿಶೇಷ? ಅವತ್ತು ಉಳಿದವರೂ ಬಿಡುವಾಗಿರುತ್ತಾರೆ. ಗೆಳೆಯರು ಸಿಗುತ್ತಾರೆ, ಮಕ್ಕಳು ಮನೆಯಲ್ಲಿರುತ್ತಾರೆ. ಬಿಡುವು ಒಬ್ಬನ ಕೈಯಲ್ಲಿ ಇದ್ದರೆ ಅರ್ಧ ಬೆಲೆ, ನಾಲ್ಕು ಜನರ ಕೈಯಲ್ಲಿ ಒಟ್ಟಿಗೆ ಇದ್ದರೆ ಪೂರ್ತಿ ಬೆಲೆ. ಬುಧವಾರ ವೀಕ್ಲಿ ಆಫ್ ಸಿಗುವ ಕಾರ್ಖಾನೆಯ ಹುಡುಗರು "ರಜೆ ಇದ್ರೂ ರಜೆ ಅನ್ಸಲ್ಲ" ಎನ್ನುವುದರ ಹಿಂದೆ ಇರುವುದೂ ಇದೇ.

ರಿಚರ್ಡ್ ರಯನ್ ಮತ್ತು ಸಂಗಡಿಗರು 2010ರಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ನೋಡಿದರು. ದುಡಿಯುವ 74 ಮಂದಿಯನ್ನು ಮೂರು ವಾರಗಳ ಕಾಲ, ದಿನಕ್ಕೆ ಮೂರು ಸಲ, ಈಗ ಏನು ಮಾಡುತ್ತಿದ್ದೀರಿ, ಹೇಗಿದ್ದೀರಿ ಎಂದು ಕೇಳಿದರು. ರಜೆಯ ದಿನದ ನೆಮ್ಮದಿಯ ಹಿಂದೆ ಮುಖ್ಯವಾಗಿ ಎರಡು ಸಂಗತಿ ಕಂಡವು: ಮಾಡುತ್ತಿರುವ ಕೆಲಸವನ್ನು ತಾನೇ ಆರಿಸಿಕೊಂಡೆ ಎಂಬ ಭಾವ, ಮತ್ತು ಬೇಕಾದವರ ಜೊತೆ ಇದ್ದೇನೆ ಎಂಬ ಭಾವ. ಸ್ವಂತ ಆಯ್ಕೆ ಮತ್ತು ಜೊತೆ. ಇವೆರಡಕ್ಕೂ ಭಾನುವಾರವೇ ಆಗಬೇಕೆಂದಿಲ್ಲ, ಭಾನುವಾರ ಸುಲಭವಾಗಿ ಸಿಗುತ್ತವೆ ಅಷ್ಟೆ.

ಕೋಲಾರ ಜಿಲ್ಲೆಯ ಕೆರೆಗಳನ್ನು ನೆನೆಸಿಕೊಂಡರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಈ ನೆಲದಲ್ಲಿ ಹಿಂದಿನವರು ಒಂದೇ ದೊಡ್ಡ ಕೆರೆ ಕಟ್ಟಿ ಕೂರಲಿಲ್ಲ. ಇಳಿಜಾರಿನ ಉದ್ದಕ್ಕೂ ಸರಣಿಯಾಗಿ ಕೆರೆ ಕಟ್ಟಿದರು. ಮೇಲಿನದು ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ. ಪ್ರತಿ ಊರಿನ ಹತ್ತಿರವೂ ಒಂದಿಷ್ಟು ನೀರು ನಿಲ್ಲುತ್ತಿತ್ತು, ಅಲ್ಲಲ್ಲೇ ಇಂಗಿ ಅಲ್ಲಲ್ಲೇ ಬಾವಿ ತುಂಬುತ್ತಿತ್ತು. ನಡುವಿನ ಕೆರೆಗಳನ್ನೆಲ್ಲ ಮುಚ್ಚಿ ಕಟ್ಟಕಡೆಯ ಕೆರೆಯೊಂದನ್ನೇ ನಂಬಿದರೆ ಮೇಲಿನ ಊರುಗಳೆಲ್ಲ ಒಣಗುತ್ತವೆ. ಕೊನೆಯ ಕೆರೆಯೂ ಆ ಭಾರ ಹೊರಲಾರದು. ಆರು ದಿನದ ಬಾಯಾರಿಕೆಯನ್ನು ಒಂದೇ ಭಾನುವಾರದ ಮೇಲೆ ಹೊರಿಸಿದಾಗಲೂ ಆಗುವುದು ಇದೇ. ಮಲಗಬೇಕು, ತಿರುಗಬೇಕು, ನೆಂಟರನ್ನು ನೋಡಬೇಕು, ಬಟ್ಟೆ ಒಗೆಯಬೇಕು, ಬಾಡೂಟ ಆಗಬೇಕು. ಸಂಜೆ ಐದಕ್ಕೆಲ್ಲ "ಮುಗಿದೇ ಹೋಯ್ತಲ್ಲ" ಎಂಬ ಕೊರಗು ಶುರು. ಭಾನುವಾರ ನಂದಿಬೆಟ್ಟದ ತಿರುವುಗಳಲ್ಲಿ ಸಾಲುಗಟ್ಟಿ ನಿಲ್ಲುವ ವಾಹನಗಳನ್ನು ನೋಡಿದವರಿಗೆ ಆ ಒಂದು ದಿನದ ಮೇಲೆ ಎಷ್ಟು ಭಾರವಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಸೋಮವಾರ ಬೆಳಿಗ್ಗೆ ಮೈ ಭಾರವಾಗುವುದೇಕೆ?

ಸೋಮವಾರ ಎಲ್ಲಕ್ಕಿಂತ ಕೆಟ್ಟ ದಿನ ಎಂಬುದು ಲೋಕರೂಢಿ. ಆರ್ಥರ್ ಸ್ಟೋನ್ ಮತ್ತಿತರರು ಅಮೆರಿಕದ 3,40,000 ಜನರ ಉತ್ತರಗಳನ್ನು ಪರಿಶೀಲಿಸಿ 2012ರಲ್ಲಿ ಹೇಳಿದಂತೆ, ಆಯಾ ದಿನದ ಮನಸ್ಥಿತಿಯನ್ನು ವಿಚಾರಿಸಿದರೆ ಸೋಮವಾರಕ್ಕೂ ಮಂಗಳ, ಬುಧ, ಗುರುವಾರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಶುಕ್ರವಾರ ಸ್ವಲ್ಪ ಮೇಲು, ಶನಿ, ಭಾನು ಇನ್ನೂ ಮೇಲು.

ಹಾಗಿದ್ದರೂ ಸೋಮವಾರ ಏಳುವುದೇ ಕಷ್ಟವೆನಿಸುವುದಕ್ಕೆ ದೇಹದ ಕಡೆಯಿಂದ ಒಂದು ಕಾರಣವಿದೆ. ಮಿದುಳಿನೊಳಗೆ ನಿದ್ದೆ, ಎಚ್ಚರ, ಹಸಿವುಗಳ ಹೊತ್ತನ್ನು ನಡೆಸುವ ಪುಟ್ಟ ಕೇಂದ್ರವಿದೆ. ಬೆಳಗಿನ ಬೆಳಕು ಬಿದ್ದಾಗ ಅದು ದಿನದಿನವೂ ಸರಿಹೊಂದಿಕೊಳ್ಳುತ್ತದೆ. ಆರು ದಿನ ಹನ್ನೊಂದಕ್ಕೆ ಮಲಗಿ ಐದಕ್ಕೆ ಏಳುವವರು ಶನಿವಾರ ರಾತ್ರಿ ಒಂದಕ್ಕೆ ಮಲಗಿ ಭಾನುವಾರ ಒಂಬತ್ತಕ್ಕೆ ಎದ್ದರು ಎನ್ನಿ. ನಿದ್ದೆಯ ನಡುಬಿಂದು ರಾತ್ರಿ ಎರಡರಿಂದ ಬೆಳಗಿನ ಐದಕ್ಕೆ ಜರುಗಿತು, ಮೂರು ಗಂಟೆಯ ಅಂತರ. ವಿಮಾನದಲ್ಲಿ ದೂರದೇಶಕ್ಕೆ ಹೋದವರಿಗೆ ಆಗುವ ಜೆಟ್ ಲ್ಯಾಗ್ ಮನೆಯಲ್ಲೇ ಕೂತವರಿಗೂ ಹೀಗೆ ಆಗುತ್ತದೆ. ಜರ್ಮನಿಯ ಟಿಲ್ ರೋನೆಬರ್ಗ್ ಇದಕ್ಕೆ ಸೋಷಿಯಲ್ ಜೆಟ್ ಲ್ಯಾಗ್ ಎಂದು ಹೆಸರಿಟ್ಟರು. ಭಾನುವಾರ ರಾತ್ರಿ ನಿದ್ದೆ ಬಾರದೆ ಹೊರಳಾಡುವುದು, ಸೋಮವಾರ ತಲೆ ಭಾರವಾಗುವುದು, ಎರಡಕ್ಕೂ ಇದರ ಪಾಲಿದೆ. ರಜೆಯ ದಿನವೂ ಏಳುವ ಹೊತ್ತನ್ನು ಒಂದು ಗಂಟೆಗಿಂತ ಹೆಚ್ಚು ಮುಂದೂಡದೆ, ನಿದ್ದೆ ಸಾಲದಿದ್ದರೆ ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಿದರೆ ಈ ಅಂತರ ಕುಗ್ಗುತ್ತದೆ. ರಾತ್ರಿ ಪಾಳಿಯವರಿಗೆ ಈ ಸಲಹೆ ಹೊಂದುವುದಿಲ್ಲ, ಅವರ ಕಷ್ಟವೇ ಬೇರೆ.

ಮೊನ್ನೆ ಮಂಗಳವಾರ ಏನು ಮಾಡಿದಿರಿ?

ಹೆಚ್ಚಿನವರಿಗೆ ನೆನಪಿರುವುದಿಲ್ಲ. ನೆನಪು ಎದ್ದುಕಾಣುವ ಗುರುತುಗಳನ್ನು ಹಿಡಿದು ನಿಲ್ಲುತ್ತದೆ. ಒಂದೇ ಬಸ್ಸು, ಒಂದೇ ಕುರ್ಚಿ, ಒಂದೇ ಡಬ್ಬಿಯ ಊಟ ಆದಾಗ ಐದು ದಿನಗಳು ಸೇರಿ ಒಂದೇ ಮಸುಕು ದಿನವಾಗುತ್ತವೆ. ವರ್ಷ ಓಡಿಹೋಯಿತು ಎನ್ನಿಸುವುದು ಇದರಿಂದಲೇ.

ನಮ್ಮಲ್ಲಿ ಇದಕ್ಕೊಂದು ಹಳೆಯ ಉಪಾಯವಿತ್ತು, ವಾರದ ಪ್ರತಿ ದಿನಕ್ಕೂ ಅದರದೇ ಮುಖವಿತ್ತು. ಸೋಮವಾರ ಶಿವನ ಗುಡಿ, ಶುಕ್ರವಾರ ಅಮ್ಮನ ಪೂಜೆ, ಶನಿವಾರ ಆಂಜನೇಯನೋ ತಿಮ್ಮಪ್ಪನೋ. ಕೊರಟಗೆರೆ ಹತ್ತಿರದ ಗೊರವನಹಳ್ಳಿಯ ಮಹಾಲಕ್ಷ್ಮಿ ಗುಡಿಗೆ ಇವತ್ತಿಗೂ ಶುಕ್ರವಾರ ಜನ ಕಿಕ್ಕಿರಿಯುತ್ತಾರೆ. ಇದರ ಮೇಲೆ ಊರ ಸಂತೆ. ಸಂತೆಯ ದಿನಕ್ಕೆ ಬೇರೆಯದೇ ಗದ್ದಲ, ಬೇರೆಯದೇ ತಿಂಡಿ, ಪಕ್ಕದೂರಿನವರ ಭೇಟಿ. ಹೀಗಾಗಿ ಬುಧವಾರ ಬುಧವಾರದಂತೆ, ಗುರುವಾರ ಗುರುವಾರದಂತೆ ಕಾಣುತ್ತಿದ್ದವು. ದೇವರು ದಿಂಡರು ಒಗ್ಗದವರಿಗೂ ಇದರ ಒಳಗಿನ ಉಪಾಯ ಒಗ್ಗುತ್ತದೆ. ಬುಧವಾರ ಸಂಜೆ ಗ್ರಂಥಾಲಯ, ಗುರುವಾರ ಅಕ್ಕನಿಗೆ ಫೋನು, ಮಂಗಳವಾರ ಮಕ್ಕಳ ಜೊತೆ ತುಮಕೂರಿನ ಅಮಾನಿಕೆರೆ ಸುತ್ತು, ಹೀಗೆ ದಿನಕ್ಕೊಂದು ಗುರುತು ಇದ್ದರೆ ಸಾಕು. ಎದುರು ನೋಡುವುದರಲ್ಲೂ ಸುಖವಿದೆ. ನೆದರ್ಲೆಂಡ್ಸ್‌ನಲ್ಲಿ 1,530 ಜನರನ್ನು ಅಭ್ಯಸಿಸಿ 2010ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಪ್ರವಾಸ ಹೋಗುವವರು ಹೆಚ್ಚು ಸಂತೋಷವಾಗಿದ್ದದ್ದು ಹೊರಡುವ ಮುಂಚೆ. ಬಂದ ಮೇಲೆ ಬಹುತೇಕರು ಪ್ರವಾಸ ಹೋಗದವರಂತೆಯೇ ಇದ್ದರು. ಎದುರು ನೋಡುವ ಆ ಸುಖವನ್ನು ಭಾನುವಾರಕ್ಕೇ ಮೀಸಲಿಡಬೇಕೆಂದೇನೂ ಇಲ್ಲ.

ಹೋಗಿ ಬರುವ ಹೊತ್ತು

ಬೆಂಗಳೂರಿನಿಂದ ತುಮಕೂರು, ಕೋಲಾರ ಎರಡೂ ಸುಮಾರು 70 ಕಿಲೋಮೀಟರ್, ಚಿಕ್ಕಬಳ್ಳಾಪುರ ಸುಮಾರು 60. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮಂದಿ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿಯತೊಡಗಿದರು. ಈ ಓಡಾಟವೇ ವಾರದ ದಿನಗಳನ್ನು ಹೆಚ್ಚು ತಿನ್ನುವುದು. ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಟೆಕ್ಸಾಸ್‌ನ 909 ಉದ್ಯೋಗಸ್ಥ ಹೆಂಗಸರನ್ನು ಕೇಳಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಚಟುವಟಿಕೆಗಳಲ್ಲೆಲ್ಲ ಅತಿ ಬೇಸರದವುಗಳ ಸಾಲಿನಲ್ಲಿ ಬಂದದ್ದು ಕೆಲಸಕ್ಕೆ ಹೋಗಿ ಬರುವ ಪ್ರಯಾಣ.

ಅದೇ ಪ್ರಯಾಣದ ಬಗ್ಗೆ ಷಿಕಾಗೋದಲ್ಲಿ ನಿಕೊಲಸ್ ಎಪ್ಲಿ, ಜೂಲಿಯಾನಾ ಶ್ರೋಡರ್ ಮಾಡಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ರೈಲಿನಲ್ಲಿ ಪಕ್ಕದ ಅಪರಿಚಿತರ ಜೊತೆ ಮಾತಾಡಬೇಕಾದರೆ ಹೇಗಿರುತ್ತದೆ ಎಂದು ಕೇಳಿದಾಗ ಜನ ಸುಮ್ಮನೆ ಕೂರುವುದೇ ವಾಸಿ ಎಂದರು. ನಿಜವಾಗಿ ಮಾತಾಡಿದವರ ಪ್ರಯಾಣ ಸುಮ್ಮನೆ ಕೂತವರಿಗಿಂತ ಹಿತವಾಗಿತ್ತು. ತುಮಕೂರು-ಬೆಂಗಳೂರು ರೈಲಿನ ನಿತ್ಯ ಪ್ರಯಾಣಿಕರಿಗೆ ಇದನ್ನು ಯಾವ ಪ್ರಯೋಗವೂ ಕಲಿಸಬೇಕಾಗಿಲ್ಲ. ಅವರು ತಮ್ಮ ರೈಲಿಗೆ ಹೂವಿನ ಅಲಂಕಾರ ಮಾಡಿ, ಕೇಕ್ ಕತ್ತರಿಸಿ ಹುಟ್ಟುಹಬ್ಬ ಆಚರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ದಿನಾ ಒಂದೇ ಬೋಗಿಯಲ್ಲಿ ಸಿಗುವ ಮುಖಗಳು ಸೇರಿ ಕೆಲಸದ ದಿನದ ನಡುವೆಯೇ ಒಂದು ಊರು ಕಟ್ಟಿಕೊಂಡಿವೆ. ಇದು ನನಗೆ ಬಹಳ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಭಾನುವಾರವೂ ಇಲ್ಲದವರು

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಭಾನುವಾರ ಇದು ಇಳಿಯುವ ಬದಲು ಏರುವ ಮನೆಗಳೇ ಹೆಚ್ಚು. ಎಲ್ಲರೂ ಮನೆಯಲ್ಲಿರುತ್ತಾರೆ, ಕೋಳಿಯೋ ಮಟನ್ನೋ ಬರುತ್ತದೆ, ಮುದ್ದೆಯ ಜೊತೆ ಅನ್ನವೂ ಆಗಬೇಕು, ನೆಂಟರೂ ಬರಬಹುದು. ಎಲ್ಲರೂ ಹೊರಟುಹೋದ ಮೇಲೆ ಬೆಳಿಗ್ಗೆ ಹತ್ತೂವರೆಗೆ ಸಿಗುವ ಒಂದು ಲೋಟ ಕಾಫಿಯ ಬಿಡುವೇ ಅನೇಕ ಗೃಹಿಣಿಯರ ವಾರಾಂತ್ಯ, ಅದು ಬರುವುದು ಸೋಮವಾರದಿಂದ. ಮನೆಯ ಉಳಿದವರ ವಾರಾಂತ್ಯ ಇವರ ದುಡಿಮೆಯ ಮೇಲೆ ನಿಂತಿದೆ. ಭಾನುವಾರಕ್ಕೆಂದು ಕೂಡಿಟ್ಟ ಬಟ್ಟೆ, ಗುಡಿಸುವುದು, ಸಾಮಾನು ತರುವುದನ್ನು ಕೆಲಸದ ದಿನಗಳ ಸಂಜೆಗಳಿಗೆ ಹಂಚಿ, ಗಂಡಸರೂ ಮಕ್ಕಳೂ ಕೈಹಚ್ಚಿದರೆ ಮಾತ್ರ ಆಕೆಗೂ ಭಾನುವಾರ ಎಂಬುದೊಂದು ಇರುತ್ತದೆ.

ಮನಸ್ಸು ಮಾಡಿದರೂ ಆಗದ್ದು

ಮೇಲೆ ಹೇಳಿದ ಯಾವುದೂ ಅತಿಯಾದ ದುಡಿಮೆಗೆ ಮದ್ದಲ್ಲ. ಹನ್ನೆರಡು ಗಂಟೆ ನಿಂತು ದುಡಿದು ಬಂದವರಿಗೆ ದಿನಕ್ಕೊಂದು ಗುರುತು ಇಟ್ಟುಕೊಳ್ಳಿ ಎನ್ನುವುದು ಅನ್ಯಾಯ. ಅಲ್ಲಿ ಬೇಕಾಗಿರುವುದು ಕಾನೂನು, ಅದು ಕಾಗದದ ಮೇಲಾದರೂ ಸ್ಪಷ್ಟವಾಗಿದೆ. ಈಗ ಜಾರಿಯಲ್ಲಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಸಾಮಾನ್ಯ ದುಡಿಮೆಯ ಮಿತಿ ದಿನಕ್ಕೆ ಎಂಟು ಗಂಟೆ. ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ ಎಂಬುದು ಅದರ ಸಾಮಾನ್ಯ ನಿಯಮ. ಮಿತಿ ಮೀರಿದ ಹೊತ್ತಿಗೆ ದುಪ್ಪಟ್ಟು ದರದ ಕೂಲಿ, ಅದಕ್ಕೂ ಕೆಲಸಗಾರರ ಒಪ್ಪಿಗೆ ಬೇಕು. ವಿನಾಯಿತಿಯ ಮೇಲೆ ವಾರದ ರಜೆಯಂದು ದುಡಿಸಿದರೆ ಬದಲಿ ರಜೆ ಕೊಡಬೇಕು. ತಿಂಗಳ ಸಂಬಳದ ಚೀಟಿಯಲ್ಲಿ ಓವರ್‌ಟೈಮ್ ಬೇರೆ ಸಾಲಿನಲ್ಲಿ ಬಂದಿದೆಯೇ, ದರ ಎರಡರಷ್ಟಿದೆಯೇ, ಕಳೆದುಕೊಂಡ ಭಾನುವಾರಕ್ಕೆ ಬದಲಿ ದಿನ ಬರೆದಿದ್ದಾರೆಯೇ ಎಂದು ನೋಡಿಕೊಳ್ಳುವುದು ಯಾವ ದುಡಿಯುವವರಿಗೂ ಕಷ್ಟವಲ್ಲ. ಬಂದಿಲ್ಲದಿದ್ದರೆ ಕೇಳುವ ಜಾಗ ಜಿಲ್ಲಾ ಕೇಂದ್ರದಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ. ಅದು ತೆರೆದಿರುವುದು ವಾರದ ದಿನಗಳಲ್ಲಿ.